ಮೆರವಣಿಗೆ ಮುಗಿದ ಮೇಲಿನ ಸೋಮವಾರಗಳು

ನನ್ನ ಗಂಡ ಗದಗಿನ ಸ್ಟೇಷನ್ ಮುಂದೆ ಖಾಲಿ ಚಕ್ಕಡಿಯ ಮೇಲೆ ನಿಂತು ಭಾಷಣ ಮಾಡಿದ ದಿನ ನಾನು ಬೆಟಗೇರಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆ ಭಾಷಣ ನಾನು ಕೇಳಲಿಲ್ಲ. ಕೇಳಿದವರು ಮಾತ್ರ ಮುಂದೆ ಎಷ್ಟೋ ವರ್ಷ ಅದನ್ನು ನನಗೆ ಒಪ್ಪಿಸುತ್ತಿದ್ದರು. ಕನ್ನಡ ಮಾತಾಡುವ ಸೀಮೆಯೆಲ್ಲ ಒಂದೇ ರಾಜ್ಯವಾಗಬೇಕೆಂದು ಊರೂರಲ್ಲಿ ಜನ ಎದ್ದ ಕಾಲ ಅದು. ಹುಬ್ಬಳ್ಳಿ ಕಡೆ ಪೊಲೀಸರು ಗುಂಡು ಹಾರಿಸಿದರೆಂಬ ಸುದ್ದಿ ಬಂದದ್ದೇ ತಡ, ಹತ್ತಿ ಪೇಟೆ ತಾನಾಗಿ ಬಾಗಿಲು ಹಾಕಿತು. ಬೆಟಗೇರಿಯ ಮಗ್ಗಗಳೂ ನಿಂತವು. ಹುಟ್ಟಿದಂದಿನಿಂದ ಆ ಸದ್ದಿನಲ್ಲೇ ಬೆಳೆದ ಓಣಿಯ ಮಕ್ಕಳು ಹೆದರಿ ಅಳುತ್ತಿದ್ದವು.

ಗಂಡ ಪೇಟೆಯಲ್ಲಿ ಹತ್ತಿ ದಲಾಲಿಯ ಒಂದು ಅಡತಿ ಅಂಗಡಿಯಲ್ಲಿ ತೂಕ ಬರೆಯುವ ಗುಮಾಸ್ತ. ಮನೆಯಲ್ಲಿ ಹೆಚ್ಚು ಮಾತಿನವರಲ್ಲ. ಊಟಕ್ಕೆ ಕೂತರೆ ಪಲ್ಯ ಬೇಕೆಂಬುದನ್ನೂ ಕೈಸನ್ನೆಯಲ್ಲಿ ಹೇಳುವವರು. ಅಂಥವರು ಅಂದು ಸಾವಿರಾರು ಜನರ ಮುಂದೆ ಹೇಗೆ ಅಷ್ಟು ಮಾತಾಡಿದರೋ, ನನಗೆ ತಿಳಿಯದು. ಸಂಜೆಗೆ ಅವರನ್ನು ಹಿಡಿದೊಯ್ದರು. ಕೆಲವು ವಾರಗಳಲ್ಲಿ ಬಿಟ್ಟರು. ಬಿಟ್ಟ ದಿನ ಓಣಿಯ ತುಂಬ ಜನ, ಕೊರಳ ತುಂಬ ಹಾರ. ನನ್ನ ಅತ್ತೆ ದೃಷ್ಟಿ ತೆಗೆದು, ಮಗನ ಕೆನ್ನೆ ಹಿಡಿದು, "ಏಟ ಸೊರಗೀಯೋ ಯಪ್ಪಾ" ಅಂದು ಅತ್ತರು. ಗಂಡ ಮಾತ್ರ ನಗುನಗುತ್ತ ಜನರನ್ನೇ ನೋಡುತ್ತಿದ್ದರು. ಅಷ್ಟು ಚೆಲುವಾಗಿ ಅವರನ್ನು ನಾನು ಹಿಂದೆ ಕಂಡಿರಲಿಲ್ಲ.

ಅಲ್ಲಿಂದ ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲಿ ಸಭೆ ಕೂಡುವುದೆಂದಾಯಿತು. ಮೊದಲ ಸೋಮವಾರ ಕೂಡಲು ಜಾಗ ಸಾಲದೆ ಜನ ಹೊರಗಿನ ಕಟ್ಟೆಯ ಮೇಲೆಲ್ಲ ಕೂತರು. ಪಕ್ಕದ ಮನೆಯಿಂದ ಕಪ್ಪುಬಸಿ ತಂದು ಚಹಾ ಕೊಟ್ಟೆ. ಎರಡು ತಿಂಗಳಲ್ಲಿ ನಮ್ಮ ಮನೆಯ ಕಪ್ಪುಗಳೇ ಸಾಕಾದವು. ಜನ ಸಿಟ್ಟು ಮಾಡಿ ಬಿಟ್ಟುಹೋದರೆಂದಲ್ಲ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಹತ್ತಿ ಸುಗ್ಗಿ. ಮತ್ತೊಬ್ಬರು ಮುನಿಸಿಪಾಲಿಟಿ ಚುನಾವಣೆಗೆ ನಿಂತರು. ದಾರಿಯಲ್ಲಿ ಸಿಕ್ಕರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ದಿಲ್ಲಿಯವ್ರು ಕಮಿಟಿ ಮಾಡ್ಯಾರಲ್ಲ, ಇನ್ನ ಆಗತೈತಿ ಬಿಡ್ರಿ." ಆಗತೈತಿ ಎಂದ ಮೇಲೆ ಮಾಡುವುದಕ್ಕೆ ಏನಿದೆ?

ಒಂದು ಸೋಮವಾರ ಬಂದದ್ದು ಒಬ್ಬರೇ. ನಿವೃತ್ತರಾದ ಸಾಲಿ ಮಾಸ್ತರರು. ಕೊಡೆಯನ್ನು ಬಾಗಿಲ ಸಂದಿಗೆ ಒರಗಿಸಿ, ಸಭೆ ತುಂಬಿದೆಯೆಂಬಂತೆ ನೆಟ್ಟಗೆ ಕೂತು ವಿಷಯ ಹೇಳಿದರು. ದಿಲ್ಲಿಯ ಸಮಿತಿ ನಮ್ಮ ಸೀಮೆಗೆ ಬಂದು ಜನರ ಅಭಿಪ್ರಾಯ ಕೇಳುತ್ತದೆ. ಇದು ವಕೀಲರ, ಪೇಪರಿನವರ ಗದ್ದಲ ಮಾತ್ರ ಎಂದು ಅವರಿಗೆ ಅನ್ನಿಸಬಾರದು. ಹಳ್ಳಿಯವರು ಬರಬೇಕು, ಹೆಣ್ಣುಮಕ್ಕಳೂ ಬರಬೇಕು.

ಗಂಡನಿಗೆ ಸಿಟ್ಟು ಬಂತು. "ಸ್ಟೇಷನ್ ಮುಂದ ಅಷ್ಟ ಮಂದಿ ಕೂಡಿದ್ರಲ್ರಿ ಮಾಸ್ತರ? ಅದನ್ನ ನೋಡ್ಲಿಲ್ಲೇನು ಅವ್ರು?"

"ನೋಡಿದ್ರು," ಅಂದರು ಮಾಸ್ತರರು. "ಮರತ್ರು. ನೀ ಹಳ್ಳಿಗೆ ಅಡ್ಡ್ಯಾಡಿ ಬರ್ತೀಯೇನು?"

ಒಳಗೆ ನೂಲು ಸುತ್ತುತ್ತಿದ್ದ ಅತ್ತೆ ರಾಟಿ ನಿಲ್ಲಿಸಿ ಕೂಗಿ ಹೇಳಿದರು: "ನಾ ಹೊಕ್ಕೀನಿ ಬಿಡ್ರಿ. ಹೆಂಗೂ ಲಕ್ಷ್ಮೇಶ್ವರಕ್ಕ ಮಗಳ ಮನಿಗೆ ಹೋಗಬೇಕಾಗೇತಿ. ಸೊಸಿನ್ನ ಕರಕೊಂಡ ಹೊಕ್ಕೀನಿ."

ನಾವು ಹೊರಟದ್ದು ಹೀಗೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದೆನೋ ಏನೋ.

ಮೊದಲು ಮುಳಗುಂದಕ್ಕೆ ಹೋದೆವು. ಸೋಮವಾರ ಎತ್ತು ಹೂಡುವುದಿಲ್ಲವಾಗಿ ಜನ ಮನೆಯಲ್ಲೇ ಸಿಗುತ್ತಾರೆಂದು ಅತ್ತೆಯ ಲೆಕ್ಕ. ಮೋಟಾರು ಬಸ್ಸಿನ ಧೂಳಲ್ಲಿ ಮಿಂದು ಇಳಿದಾಗ ಇಬ್ಬರ ಹುಬ್ಬೂ ಕೆಂಪಾಗಿದ್ದವು. ಗಂಡನ ಅಂಗಡಿಗೆ ಹತ್ತಿ ತರುವ ಒಬ್ಬ ವ್ಯಾಪಾರಿಯ ಮನೆಯಲ್ಲಿ ಹತ್ತಾರು ಹೆಂಗಸರು ಕೂಡಿದರು. ಬೆಟಗೇರಿಯಿಂದ ಬಂದವರೆಂದ ಕೂಡಲೇ ಸೀರೆ ತಂದಿದ್ದೀರಾ ಎಂದು ಕೇಳಿದರು. ಇಲ್ಲವೆಂದಾಗ ಅರ್ಧ ಜನ ಎದ್ದರು. ನಾನು ಮಾಸ್ತರರು ಬಾಯಿಪಾಠ ಮಾಡಿಸಿದ್ದನ್ನು ಹೇಳತೊಡಗಿದೆ. ನಾಲ್ಕು ವಾಕ್ಯಕ್ಕೆ ಪಾಠ ಮರೆತುಹೋಯಿತು. ಆಗ ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿ, ತಾವೇ ಸುರು ಮಾಡಿದರು.

"ನೋಡ್ರೆವ್ವಾ, ನನ್ನ ತವರಮನಿ ಮುಂಡರಗಿ ದಾಟಿದ್ರ ಕೊಪ್ಪಳ ಸೀಮ್ಯಾಗ. ಅದು ನಿಜಾಮಂದು. ಕೊಟ್ಟ ಮನಿ ಬೆಟಗೇರಿ, ಇದು ಇಂಗ್ರೇಜಿಯವಂದು. ಮಗಳನ್ನ ಲಕ್ಷ್ಮೇಶ್ವರಕ್ಕ ಕೊಟ್ಟೆ, ಅದು ಸಂಸ್ಥಾನದ್ದು. ಮಗಳ ಬಾಣಂತನಕ್ಕ ಒಂದ ಗಂಟ ಅರಿವಿ, ಒಂದ ಡಬ್ಬಿ ತುಪ್ಪ ಹೊತಗೊಂಡ ಹ್ವಾದ್ರ ಸುಂಕದ ನಾಕಾದಾಗ ನಿಲ್ಲಿಸಿ ಗಂಟ ಬಿಚ್ಚಸ್ತಿದ್ರು. ಕೂಸಿನ ತಲಿಗೆ ಹಾಕೂ ಕುಲಾವಿನೂ ಝಾಡಿಸಿ ನೋಡ್ಯಾನ ಒಬ್ಬಾಂವ! ನಮ್ಮವ್ವ ಸತ್ತಾಗ ತವರಿಗೆ ಹೋಗಾಕ ನಿಜಾಮನ ಪೊಲೀಸ ಬಿಡಲಿಲ್ಲ, ಗದ್ಲ ಇತ್ತಂತ. ಒಬ್ಬಾಕಿ ಬಾಳೇಕ ಮೂರ ಸರ್ಕಾರ. ಯಾಕವ್ವಾ?"

ಎದ್ದವರು ಕೂತರು. ಒಬ್ಬಾಕೆ ತನ್ನ ಅಕ್ಕನ ಮದುವೆ ದಿಬ್ಬಣ ನಾಕಾದಲ್ಲಿ ನಿಂತ ಕಥೆ ಹೇಳಿದಳು. ಮತ್ತೊಬ್ಬಾಕೆಗೆ ಇನ್ನೊಂದು ನೆನಪಾಯಿತು. ಹೊರಡುವಾಗ ಮಂಡಕ್ಕಿ ಕಟ್ಟಿಕೊಟ್ಟು, "ಮತ್ತ ಬರ್ರಿ" ಅಂದರು. ಆ ಎರಡು ಶಬ್ದ ನಮ್ಮನ್ನು ಎಷ್ಟು ದೂರ ಎಳೆದವೆಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಅತ್ತೆ ಆ ಕಥೆಯನ್ನು ಊರೂರಲ್ಲಿ ಹೇಳಿದರು. ಶಿರಹಟ್ಟಿಯಲ್ಲಿ, ಬಾಳೆಹೊಸೂರಿನಲ್ಲಿ, ಮೋಟಾರಿನಲ್ಲಿ, ಮೋಟಾರು ಕೆಟ್ಟು ನಿಂತಾಗ ಬೇವಿನ ಗಿಡದ ನೆರಳಲ್ಲಿ. ಹೇಳಿದಷ್ಟೂ ಕಥೆ ಬೆಳೆಯಿತು. ತುಪ್ಪದ ಡಬ್ಬಿ ಎರಡಾದವು, ಕುಲಾವಿ ಝಾಡಿಸಿದವನಿಗೆ ದೊಡ್ಡ ಮೀಸೆ ಬಂತು. ಕೇಳಿ ಕೇಳಿ ನನಗೆ ಬೇಸರ ಬಂದು, ಆ ಮೀಸೆ ಬರುವ ಹೊತ್ತಿಗೆ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಆದರೆ ಲಕ್ಷ್ಮೇಶ್ವರದಲ್ಲಿ, ಸ್ವಂತ ಮಗಳ ಮನೆಯಲ್ಲೇ ಆ ಕಥೆ ನಡೆಯಲಿಲ್ಲ. ನನ್ನ ನಾದಿನಿ ಓಣಿಯ ಹೆಂಗಸರನ್ನು ಕರೆದಿದ್ದಳು. ಎಲ್ಲರಿಗೂ ಅವಲಕ್ಕಿ ಕೊಟ್ಟಳು. ಅತ್ತೆಯ ಕಥೆ ನಾಕಾದವರೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ನಾದಿನಿ ಅಂದಳು: "ನಾಕಾ ಎಲ್ಲೈತಿಬೇ ಈಗ? ಸಂಸ್ಥಾನ ಹೋಗಿ ಏಸ ವರ್ಷಾತು. ನಾವೂ ನೀವೂ ಈಗ ಒಂದ ಜಿಲ್ಲಾದಾಗ ಅದೀವಿ."

ಅತ್ತೆ ತಬ್ಬಿಬ್ಬಾದರು. "ಅದು ಹೋತು. ನಮ್ಮ ತವರಮನಿ ಇನ್ನ ಬ್ಯಾರೇ ರಾಜ್ಯದಾಗ ಐತೆಲ್ಲ..."

"ನಿನ್ನ ತವರಮನಿ ಸಲುವಾಗಿ ನಮ್ಮನ್ಯಾಕ ಎಬ್ಬಸ್ತೀ?" ನಾದಿನಿಯ ದನಿ ಏರಿರಲಿಲ್ಲ. ಬಹಳ ದಣಿದ ದನಿ. "ಸ್ವರಾಜ್ಯ ಅಂತ ಒಮ್ಮೆ ಎದ್ವಿ. ಸಂಸ್ಥಾನ ಹೋಗ್ಲಿ ಅಂತ ಮತ್ತೊಮ್ಮೆ ಎದ್ವಿ. ಆವಾಗ ನಿನ್ನ ಅಳಿಯಾ ತಿಂಗಳಗಟ್ಟಲೆ ಊರ ಬಿಟ್ಟಿದ್ರು. ಎಲ್ಲದಾರ, ಉಂಡಾರೋ ಇಲ್ಲೋ, ಒಂದ ಖಬರ ಇಲ್ಲ. ಮನ್ಯಾಗ ಸಣ್ಣ ಕೂಸು, ಜಪ್ತಿಗೆ ಬರೂ ಮಂದಿ. ಆವಾಗ ನೀವ್ಯಾರೂ ಈ ಕಡೆ ಹಾಯಲಿಲ್ಲ. ನಾಕಾ ಇತ್ತಂತೀ. ಇದ್ರ ಏನಾತು, ನಡಕೊಂಡ ಬರಬಹುದಿತ್ತು."

ಹೆಂಗಸರು ಒಬ್ಬೊಬ್ಬರೇ ತಟ್ಟೆ ಇಟ್ಟು ಎದ್ದುಹೋದರು. ಅತ್ತೆ ಮಗಳ ಹಿಂದೆ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತರು. ಅವರೊಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಮರುದಿನ ಮೋಟಾರು ಹತ್ತುವಾಗ ನಾದಿನಿ ಬಂದು ನನ್ನ ಕೈಯಲ್ಲಿ ಬುತ್ತಿಗಂಟು ಇಟ್ಟಳು. "ಅವ್ವಗ ಕಾಲ ಬಾತಾವು, ಬಾಳ ತಿರಗಸಬ್ಯಾಡ," ಅಂದಳು. ನಾನು ತಿರುಗಿಸುತ್ತಿಲ್ಲ, ಅವರೇ ನನ್ನನ್ನು ತಿರುಗಿಸುತ್ತಿದ್ದಾರೆ ಎಂದು ಹೇಳುವಷ್ಟರಲ್ಲಿ ಮೋಟಾರು ಹೊರಟಿತು.

ನಾವು ಹೀಗೆ ಅಲೆಯುವುದನ್ನು ನೋಡಿ ಗಂಡನಿಗೆ ನಾಚಿಕೆಯಾಯಿತೋ, ಆಸೆಯಾಯಿತೋ, ಒಂದು ಸೋಮವಾರ ಡಂಬಳಕ್ಕೆ ತಾವೂ ಬರುವುದಾಗಿ ಹೇಳಿದರು. ಮಾಸ್ತರರು ಮೊದಲೇ ಸುದ್ದಿ ಕಳಿಸಿದ್ದರು. ಕೆರೆಯ ಏರಿಯ ಕೆಳಗೆ ಒಂದು ಕಟ್ಟೆ. ಅಲ್ಲಿ ಕೆಲವು ಮುದುಕರು, ಬಟ್ಟೆ ಒಗೆದು ಬುಟ್ಟಿ ಹೊತ್ತು ನಿಂತ ಮೂರ್ನಾಲ್ಕು ಹೆಂಗಸರು, ದನ ಕಾಯುವ ಇಬ್ಬರು. ಗಂಡ ಕಟ್ಟೆಯ ಮೇಲೆ ಹತ್ತಿದರು. ಟೋಪಿ ಸರಿಮಾಡಿಕೊಂಡರು. ಸ್ಟೇಷನ್ ಮುಂದೆ ಮಾತಾಡಿದ ಅದೇ ದನಿಯಲ್ಲಿ, "ಬಂಧು ಭಗಿನಿಯರೇ!" ಎಂದು ಕೂಗಿದರು. ಕೆರೆಯಿಂದ ಬೆಳ್ಳಕ್ಕಿಗಳ ಹಿಂಡು ಎದ್ದು ಹೋಯಿತು. ಬುಟ್ಟಿಯವಳ ಕಂಕುಳಲ್ಲಿದ್ದ ಕೂಸು ಕಿರುಚಿಕೊಂಡಿತು. ಗಂಡ ನಿಲ್ಲಿಸಲಿಲ್ಲ. ಯಾರೂ ಚಪ್ಪಾಳೆ ಹೊಡೆಯದ ಕಡೆ ಚಪ್ಪಾಳೆಗೆ ಬಿಡುವು ಕೊಡುತ್ತ ಮಾತಾಡಿದರು. ಆ ಬಿಡುವುಗಳಲ್ಲಿ ದನದ ಕೊರಳಗಂಟೆ ಕೇಳುತ್ತಿತ್ತು. ಒಬ್ಬ ಮುದುಕ ಪಕ್ಕದವನಿಗೆ, "ಯಾಕೋ, ನಮಗೇನ ಕಿವಿ ಕೇಳೂದಿಲ್ಲಂತ ತಿಳದಾರೇನು?" ಅಂದ. ನನಗೆ ಸಿಟ್ಟು ಬರಲಿಲ್ಲ. ಅವರ ಕೈ ಹಿಡಿದು ಕೆಳಗಿಳಿಸಬೇಕೆನಿಸಿತು, ಆದರೆ ಅಷ್ಟು ಜನರ ಮುಂದೆ ಹೆಂಡತಿಯಾದವಳು ಗಂಡನ ಕೈ ಹಿಡಿಯುವುದು ಹೇಗೆ?

ಮೋಟಾರಿಗೆ ಕಾಯುವಾಗ ಅವರು ನನ್ನ ಪಕ್ಕದಲ್ಲೇ ಕೂತರು. ಅತ್ತೆ ಸ್ವಲ್ಪ ದೂರ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನನ್ನ ಕೈಲೆ ಇದ ಆಗೂದಿಲ್ಲ," ಅಂದರು ಗಂಡ. "ಮಂದಿ ಇದ್ರ ಮಾತ ತಾವ ಬರ್ತಾವು. ಮಂದಿ ಇಲ್ದಿದ್ರ ನಾ ಬರೇ ತೂಕ ಬರಿಯಾಂವ."

"ಕುಂತ ಮಾತಾಡ್ರಿ," ಅಂದೆ. "ನಮ್ಮ ಜೋಡಿ ಮಾತಾಡಿದಂಗ."

"ನಿಮ್ಮ ಜೋಡಿ ನಾ ಎಂದ ಮಾತಾಡೇನಿ?" ಅಂದು ನಕ್ಕರು. ನನಗೂ ನಗೆ ಬಂತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ತಮ್ಮ ವಿಷಯ ನನ್ನೆದುರು ತೆರೆದು ಹೇಳಿದ್ದು ಅದೇ ಮೊದಲು. ಅಂದಿನಿಂದ ಅವರು ಹಳ್ಳಿಗೆ ಬರಲಿಲ್ಲ. ಸೋಮವಾರ ನಾವು ಹೊರಟಾಗ ಸ್ಟ್ಯಾಂಡಿನವರೆಗೆ ಗಂಟು ಹೊತ್ತು ತಂದು, ಕಿಟಕಿಯ ಕಡೆ ಜಾಗ ಹಿಡಿದು ಕೊಟ್ಟು, ಪೇಟೆಗೆ ಹೋಗುತ್ತಿದ್ದರು.

ದಿಲ್ಲಿಯ ಸಮಿತಿ ಬಂತು. ಧಾರವಾಡದ ಕಡೆ ಒಂದು ದೊಡ್ಡ ಬಂಗಲೆಯಲ್ಲಿ ಕೂತು ಅಹವಾಲು ಕೇಳುತ್ತದೆಂದು ಮಾಸ್ತರರು ತಿಳಿಸಿದರು. ಮುಳಗುಂದದಿಂದ, ಶಿರಹಟ್ಟಿಯಿಂದ ಹೆಂಗಸರು ಬೆಟಗೇರಿಗೆ ಬಂದು ನಮ್ಮಲ್ಲೇ ಉಳಿದರು. ಬೆಳಗಿನ ರೈಲು ಹಿಡಿದೆವು. ಅತ್ತೆ ದೊಡ್ಡ ದಡಿಯ ಸೀರೆ ಉಟ್ಟು, ಕಥೆಯನ್ನು ಮತ್ತೆ ಮೊದಲಿನಷ್ಟಕ್ಕೇ ಇಳಿಸಿಕೊಂಡಿದ್ದರು. ದೊಡ್ಡವರ ಮುಂದೆ ಸುಳ್ಳು ಹೇಳಬಾರದೆಂದು ಮೀಸೆ ತೆಗೆದುಹಾಕಿದ್ದರು, ತುಪ್ಪ ಒಂದೇ ಡಬ್ಬಿ.

ಬಂಗಲೆಯ ಹೊರಗೆ ಗಿಡದ ಕೆಳಗೆ ಕೂಡಿಸಿದರು. ಒಳಗೆ ಹೋಗುವವರು ಹೋಗುತ್ತಲೇ ಇದ್ದರು. ಕರಿಕೋಟಿನವರು, ಪಟಗ ಸುತ್ತಿದವರು, ಕಾಗದದ ಕಟ್ಟು ಹಿಡಿದವರು. ಬುತ್ತಿ ಬಿಚ್ಚಿ ಉಂಡೆವು. ನೆರಳು ಸರಿದ ಹಾಗೆ ನಾವೂ ಸರಿದು ಕೂತೆವು. ಇಳಿಹೊತ್ತಿಗೆ ಒಬ್ಬ ಹುದ್ದೇದಾರ ಬಂದು, ವೇಳೆ ಮುಗಿಯಿತೆಂದೂ, ಗದಗಿನವರ ಮಾತು ಒಳಗೆ ಬೇರೆಯವರು ಹೇಳಿದ್ದಾರೆಂದೂ ಮರ್ಯಾದೆಯಿಂದಲೇ ತಿಳಿಸಿದ.

ಅತ್ತೆ ಅವನನ್ನು ಕೇಳಿದರು: "ನಾಕಾದ್ದ ಹೇಳ್ಯಾರೇನ್ರಿ?"

"ಎಲ್ಲಾ ಹೇಳ್ಯಾರಮ್ಮಾ."

"ಹೇಳಿದ್ರ ಆತ ಬಿಡ್ರಿ," ಅಂದು ಎದ್ದರು.

ಮಾಸ್ತರರಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವರು ನಮ್ಮಿಂದ ದೂರ, ಗಂಡಸರ ಬೋಗಿಯಲ್ಲಿ ಕೂತರು. ರೈಲು ಹೊರಟು ಸ್ವಲ್ಪ ಹೊತ್ತಿಗೆ ಅತ್ತೆ ಎದುರಿನ ಸೀಟಿನ ಅಪರಿಚಿತ ಹೆಂಗಸಿಗೆ, "ನಿನ್ನ ತವರಮನಿ ಯಾವದವ್ವಾ?" ಅಂದರು. ಅಣ್ಣಿಗೇರಿ ಬರುವಷ್ಟರಲ್ಲಿ ಮೀಸೆಯವನೂ ಬಂದಿದ್ದ, ತುಪ್ಪದ ಎರಡನೆಯ ಡಬ್ಬಿಯೂ ಬಂದಿತ್ತು. ಆ ದಿನ ನಾನು ಎದ್ದು ಹೋಗಲಿಲ್ಲ. ಕೊನೆತನಕ ಕೇಳಿದೆ.

ಇನ್ನು ಇದು ಮುಗಿಯಿತು ಎಂದುಕೊಂಡಿದ್ದೆ. ಆದರೆ ಶಿರಹಟ್ಟಿಯ ಹೆಂಗಸರು ಗದಗಿನ ಸ್ಟೇಷನ್ನಿನಲ್ಲಿ ಇಳಿಯುವಾಗ ಮತ್ತೆ ಅದೇ ಮಾತು ಅಂದರು: "ಸೋಮಾರ ಬರ್ತೀರಲ್ಲ?" ಅತ್ತೆ ಹೂಂ ಅಂದರು.

ಆಮೇಲಿನ ಕಾಲವೇ ಕಠಿಣದ್ದು. ಹೇಳಲು ಹೊಸದೇನೂ ಇಲ್ಲ, ಕಾಯುವುದಷ್ಟೇ. ಆಗುತ್ತದೆ, ಆಗುವುದಿಲ್ಲ, ಬಳ್ಳಾರಿ ಬರುತ್ತದೆ, ಬರುವುದಿಲ್ಲ, ಮೈಸೂರಿನವರಿಗೆ ನಾವು ಬೇಡವಂತೆ, ನಮ್ಮ ಮಾತು ಕೇಳಿ ನಗುತ್ತಾರಂತೆ. ದಿನಕ್ಕೊಂದು ಸುದ್ದಿ. ಬೆಳಗಿನ ಜಾವ ಎದ್ದು ರೊಟ್ಟಿ ಮಾಡಿಟ್ಟು, ಮೋಟಾರು ಹತ್ತಿ, ಯಾರದೋ ಪಡಸಾಲೆಯಲ್ಲಿ ಕೂತು ಬಂದು, ಉಳಿದ ನೂಲು ಸುತ್ತಿ ಮಲಗುವುದು. ಕನಸಿನಲ್ಲೂ ಮೋಟಾರು ಕುಲುಕುತ್ತಿತ್ತು. ಒಮ್ಮೆ ಮುಂಡರಗಿಯಲ್ಲಿ ಯಾರೂ ಬರಲಿಲ್ಲ. ಗುಡಿಯ ಪೌಳಿಯಲ್ಲಿ ನಾವಿಬ್ಬರೇ ಕೂತೆವು. ಅತ್ತೆ ಕಂಬಕ್ಕೆ ಒರಗಿ ನಿದ್ದೆ ಹೋದರು. ಅವರ ಬಾಯಿ ತೆರೆದಿತ್ತು, ಹಿಮ್ಮಡಿ ಒಡೆದಿದ್ದವು. ನಾನು ಅಳುವವಳಲ್ಲ, ಅಂದು ಯಾಕೋ ಅಳು ಬಂತು. ಅತ್ತದ್ದು ನಾಡಿಗಾಗಿ ಅಲ್ಲ, ಸುಮ್ಮನೆ ದಣಿವಿಗೆ.

ಸಭೆಗೆ ಮತ್ತೆ ಜನ ಕೂಡಿದ್ದು ನಾಡಿನ ಮಾತಿನಿಂದಲೂ ಅಲ್ಲ. ಶಿರಹಟ್ಟಿಯ ಒಂದು ಓಣಿಯ ಬಾವಿಯ ರಾಟೆಯ ಗಾಲಿ ಮುರಿದು, ಹೆಂಗಸರು ಕೈಯಲ್ಲೇ ಹಗ್ಗ ಎಳೆಯುತ್ತಿದ್ದರು. ಅಂಗೈ ತೋರಿಸಿದರು, ಬೊಬ್ಬೆ ಒಡೆದಿದ್ದವು. ಅವರಲ್ಲೊಬ್ಬಾಕೆ ಅಂದಳು, "ರಾಜ್ಯ ಬಂದಾಗ ಬರ್ಲಿ. ಎಲ್ಲಾರೂ ಕೂಡೇವಲ್ಲ, ಇವತ್ತ ಕಚೇರಿಗೆ ಹೋಗಿ ಗಾಲಿ ಕೇಳೂಣು." ಎಲ್ಲರೂ ಎದ್ದರು. ನಾವೂ ಹೋದೆವು. ಕಚೇರಿಯ ಮುಂದೆ ಕೊಡ ಇಟ್ಟುಕೊಂಡು ಕೂತೆವು. ಸಾಹೇಬರು ಬಂದು, ಬೈದು, ಕೊನೆಗೆ ಆಳು ಕಳಿಸಿದರು. ಮುಂದಿನ ಸೋಮವಾರ ಆ ಪಡಸಾಲೆಯಲ್ಲಿ ಕೂಡಲು ಜಾಗ ಸಾಲಲಿಲ್ಲ.

ಮಾಸ್ತರರು ಇದನ್ನು ಒಪ್ಪಲಿಲ್ಲ. "ಚಳವಳಿ ದಾರಿ ತಪ್ಪೈತ್ರಿ ಅವ್ವಾರ. ನಾವು ಕೇಳೂದು ಏಕೀಕರಣ. ಬಾವಿ ಗಾಲಿ ಅಲ್ಲ."

ಅತ್ತೆ ಹೇಳಿದರು: "ಗಾಲಿ ಸಲುವಾಗಿ ಬಂದಾಕಿ ನಾಡಿನ ಮಾತೂ ಕೇಳ್ತಾಳ್ರಿ. ಮನ್ಯಾಗ ಕುಂತಾಕಿ ಯಾವದೂ ಕೇಳೂದಿಲ್ಲ." ಮಾಸ್ತರರು ಕೊಡೆ ತೆಗೆದುಕೊಂಡು ಹೋದರು. ಎರಡು ವಾರ ಬರಲಿಲ್ಲ, ಮೂರನೆಯ ವಾರ ಬಂದರು. ಅವರಿಗೂ ಹೋಗಲು ಬೇರೆ ಜಾಗವಿರಲಿಲ್ಲ.

ಕೊನೆಗೆ ರಾಜ್ಯವಾಯಿತು. ಆ ದಿನ ಗದಗಿನಲ್ಲಿ ಮತ್ತೆ ಅಷ್ಟೇ ಜನ. ಅವರೆಲ್ಲ ಇಷ್ಟು ದಿನ ಎಲ್ಲಿದ್ದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಬಾಗಿಲು ಬಾಗಿಲಿಗೆ ತೋರಣ. ಗಂಡನನ್ನು ಪೇಟೆಯಿಂದಲೇ ಹೆಗಲ ಮೇಲೆ ಹೊತ್ತು ತಂದು ವೇದಿಕೆಗೆ ಹತ್ತಿಸಿದರು. ನಾವು ಹೆಂಗಸರು ಬಹಳ ಹಿಂದೆ, ಗೋಡೆಗೆ ಒತ್ತಿ ನಿಂತಿದ್ದೆವು. ಮುಳಗುಂದದವರಿಗೆ ನಿಲ್ಲಲೂ ಜಾಗ ಸಿಗಲಿಲ್ಲ. ಗಂಡ ಮಾತಾಡಿದರು. ತುಂಬಿದ ಸಭೆಯಲ್ಲಿ ಅವರ ಭಾಷಣ ನಾನು ಕೇಳಿದ್ದು ಅಂದೇ ಮೊದಲು. ಎಷ್ಟು ಚೆಂದ ಮಾತಾಡಿದರು! ಪಕ್ಕದವಳು, "ಯಾರೋ ಇಂವಾ, ದೊಡ್ಡ ಮನಷ್ಯಾ," ಅಂದಾಗ, ನಮ್ಮವರು ಎಂದು ಹೇಳಿಕೊಂಡೆ. ಹೆಮ್ಮೆಯೂ ಇತ್ತು, ಕಹಿಯೂ ಇತ್ತು. ಎರಡನ್ನೂ ಬೇರೆ ಮಾಡಲು ನನಗೆ ಈಗಲೂ ಬರುವುದಿಲ್ಲ.

ಮನೆಗೆ ಬಂದು ಅವರು ಹಾರ ತೆಗೆದು ಗೂಟಕ್ಕೆ ಹಾಕಿದರು. "ನೀವಿಬ್ರೂ ಮುಂದ ಬರಬೇಕಿತ್ತು," ಅಂದರು. "ಯಾರ ಬಿಡ್ತಾರ್ರಿ ಆ ಗದ್ಲದಾಗ," ಅಂದೆ. ಅವರು ತಟ್ಟೆಯ ಮುಂದೆ ಕೂತರು. ಬಡಿಸಿದೆ. ಅತ್ತೆ ಉಣ್ಣುತ್ತ ಮಗನನ್ನು ಕೇಳಿದರು: "ಹಂಗಾದ್ರ ನನ್ನ ತವರಮನಿ ಈಗ ನಮ್ಮದ ಆತೇನೋ ತಮ್ಮಾ?" ಹೌದೆಂದರು. "ನಮ್ಮವ್ವ ಇರಬೇಕಿತ್ತು," ಅಂದು ಅತ್ತೆ ಮತ್ತೊಂದು ರೊಟ್ಟಿ ಹಾಕಿಸಿಕೊಂಡರು.

ಮುಂದಿನ ಸೋಮವಾರ ನಾನು ಎದ್ದಾಗ ಅತ್ತೆ ಆಗಲೇ ಮಿಂದು, ಸೀರೆ ಬದಲಿಸಿ, ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಇವತ್ತ ಯಾವ ಊರು?" ಅಂದರು.

"ಎಲ್ಲಿಗ್ರಿ ಅತ್ತಿ? ಎಲ್ಲಾ ಆತಲ್ಲ."

ಅವರು ನನ್ನ ಮುಖ ನೋಡಿದರು. "ಹೌದಲ್ಲ. ಆತಲ್ಲ," ಅಂದರು. ಆದರೂ ಏಳಲಿಲ್ಲ. ಸ್ಟ್ಯಾಂಡಿನ ಕಡೆ ಹೋಗುವ ಜನರನ್ನು ನೋಡುತ್ತ, ಬಿಸಿಲು ಕಟ್ಟೆಗೆ ಬರುವವರೆಗೂ ಕೂತೇ ಇದ್ದರು. ಆಮೇಲೆ ಒಳಗೆ ಬಂದು ರಾಟಿಯ ಮುಂದೆ ಕೂತರು. ನಾನು ಒಲೆ ಆರಿಸಿ, ಸ್ವಲ್ಪ ಹೊತ್ತು ಬೆನ್ನು ನೆಟ್ಟಗೆ ಮಾಡೋಣವೆಂದು ಚಾಪೆ ಹಾಸಿಕೊಂಡೆ. ಆ ಮನೆಗೆ ಬಂದ ಮೇಲೆ ನಾನು ಹಗಲು ಮಲಗಿದವಳಲ್ಲ. ಎಚ್ಚರವಾದಾಗ ಸಂಜೆಯಾಗಿತ್ತು. ಗಂಡ ಪೇಟೆಯಿಂದ ಬಂದಿದ್ದರು. ಅತ್ತೆ ಅವರಿಗೆ, "ಸಾವಕಾಶ, ಎಬ್ಬಸಬ್ಯಾಡ," ಎಂದು ಹೇಳುವುದು ಕೇಳಿಸಿತು. ನನಗೆ ಎಚ್ಚರವಾದದ್ದು ಅವರಿಗೆ ಗೊತ್ತಾಗದಿರಲೆಂದು ಕಣ್ಣು ಮುಚ್ಚಿ ಇನ್ನಷ್ಟು ಹೊತ್ತು ಹಾಗೇ ಮಲಗಿದ್ದೆ.